ಅಂಚಿನಲ್ಲಿರೋ ಹೆಸರನ್ನು ಕತ್ತರಿಸಿ ಎಸೆಯಬೇಡಿ

ಆಸ್ಟ್ರೇಲಿಯಾದ ಡಾರ್ವಿನ್‌ನಲ್ಲಿ ಪ್ರತಿ ವರ್ಷ ಆಗಸ್ಟ್ ಹೊತ್ತಿಗೆ ಆಬೊರಿಜಿನಲ್ ಆರ್ಟ್ ಫೇರ್, ಅಂದರೆ ಅಲ್ಲಿನ ಮೂಲನಿವಾಸಿಗಳ ಕಲಾಮೇಳ, ನಡೆಯುತ್ತದೆ. ಹೊಲಿಯೋಕೆ ಕೈಯಚ್ಚಿನ ಬಟ್ಟೆ ಬೇಕೆಂದರೆ ನಾನು ಅಲ್ಲಿಗೇ ಹೋಗುತ್ತೇನೆ. ಕಲಾಕೇಂದ್ರದವರೇ ಬಂದು ಮಾರುತ್ತಾರೆ, ಮೇಳ ಕಮಿಷನ್ ಹಿಡಿಯುವುದಿಲ್ಲ.

ನಾನು ಮೊದಲು ಹುಡುಕುವುದು ಬಾಬ್ಬರಾ ವಿಮೆನ್ಸ್ ಸೆಂಟರ್‌ನ ಮೇಜು. ಆರ್ನೆಮ್ ಲ್ಯಾಂಡ್‌ನ ಮ್ಯಾನಿನ್‌ಗ್ರಿಡಾದಲ್ಲಿ 1983ರಲ್ಲಿ ಹೆಂಗಸರಿಗೆ ಆಸರೆಯ ಮನೆಯಾಗಿ ಶುರುವಾದ ಜಾಗ ಅದು. ಅಲ್ಲಿನ ಹೆಂಗಸರು ಲಿನೋ ಅನ್ನೋ ಮೆದು ಹಾಳೆ ಕೊರೆದು, ಬಣ್ಣ ಇಳಿಸೋ ಜಾಲರಿ ಚೌಕಟ್ಟಾದ ಸ್ಕ್ರೀನ್ ಹಿಡಿದು ಅಚ್ಚು ಹಾಕುತ್ತಾರೆ. ಬೆಂಗಳೂರಿನ ತರಂಗಿಣಿ ಸ್ಟುಡಿಯೋ ಜೊತೆ ಸೇರಿ ನಮ್ಮ ಮರದಚ್ಚಿನಲ್ಲೂ ತಮ್ಮ ಚಿತ್ತಾರ ಮೂಡಿಸಿದ್ದಾರೆ. ಅದನ್ನು ಕೇಳಿದಾಗ ನನಗೆ ತವರಿನ ಸುದ್ದಿ ಕೇಳಿದಷ್ಟು ಖುಷಿಯಾಯಿತು.

ಕೊಳ್ಳುವಾಗ ಬಣ್ಣ ನೋಡಿ ಮರುಳಾಗಬೇಡಿ. ಚಿತ್ತಾರ ಬರೆದವರು ಯಾರು, ಅದರಲ್ಲಿರೋದು ಏನು, ಎರಡನ್ನೂ ಕೇಳಿ. ಬಲೆಯಂಥ ಗೆರೆಗಳು ಮೀನು ಹಿಡಿಯೋ ಬುಟ್ಟಿಯೋ ಹೆಣೆದ ಚೀಲವೋ ಆಗಿರಬಹುದು. ಮೀನಿನ ಬಾಲದ ಹುಡುಗಿ ಕಂಡರೆ ಅವಳು ಯೋಕ್‌ಯೋಕ್, ಅವರ ಕಥೆಗಳಲ್ಲಿ ಸಿಹಿನೀರಿನಲ್ಲಿ ವಾಸಿಸುವ ಜಲಕನ್ಯೆ. ನೀರಲ್ಲಿ ತೇಲುವ ಪಾಚಿ ಅವಳ ಕೂದಲು ಅಂತಾರೆ.

ಇದನ್ನು ತಿಳಿಯದೆ ನಾನೊಂದು ತಪ್ಪು ಮಾಡಿದೆ. ಮೊದಲ ಸಲ ಅಳತೆ ಕುರ್ತಾ ಇಟ್ಟು, ಬಟ್ಟೆ ಉಳಿಸೋ ಆಸೆಗೆ ಸುಮ್ನೆ ಕತ್ತರಿ ಆಡಿಸಿಬಿಟ್ಟೆ. ಯೋಕ್‌ಯೋಕ್‌ಳ ಕುತ್ತಿಗೆ ಸರಿಯಾಗಿ ಕಂಕುಳ ಹೊಲಿಗೆಗೆ ಬಂತು. ತಲೆ ತೋಳಿನಲ್ಲಿ, ಮೈ ಬೆನ್ನಿನಲ್ಲಿ. ಆ ಕುರ್ತಾ ಹಾಕೋಕೆ ಇವತ್ತಿಗೂ ಮನಸ್ಸು ಬರುವುದಿಲ್ಲ.

ಹಾಗಾಗಿ ಲೆಕ್ಕಕ್ಕಿಂತ ಅರ್ಧ ಮೀಟರ್ ಜಾಸ್ತಿ ತನ್ನಿ. ತಣ್ಣೀರಲ್ಲಿ ಒಮ್ಮೆ ನೆನೆಸಿ ಒಣಗಿಸಿ, ಹತ್ತಿ ಕುಗ್ಗುತ್ತದೆ. ಆಮೇಲೆ ನೆಲದ ಮೇಲೆ ಹರಡಿ, ನಿಂತು ನೋಡಿ. ಒಂದು ಸ್ಕ್ರೀನ್ ಮುಗಿದು ಇನ್ನೊಂದು ಶುರುವಾಗೋ ಕಡೆ ಬಣ್ಣ ಕೂದಲೆಳೆಯಷ್ಟು ಒಂದರ ಮೇಲೊಂದು ಕೂತಿರಬಹುದು. ಅದು ದೋಷ ಅಲ್ಲ, ಕೈಯ ಗುರುತು. ನಾನಂತೂ ಅದನ್ನು ಮುಂಭಾಗಕ್ಕೇ ಇಡುತ್ತೇನೆ. ಇಡೀ ಆಕೃತಿಯನ್ನು ಬೆನ್ನಿಗೆ ಇಡಿ, ಬಿಡಿಬಿಡಿ ಗೆರೆಗಳನ್ನು ತೋಳಿಗೆ. ಡಾರ್ಟ್ (ಮೈಗೆ ಕೂರಲು ಹಾಕೋ ಮಡಿಕೆ ಹೊಲಿಗೆ), ನೆರಿಗೆ ಕಡಿಮೆ ಇದ್ದಷ್ಟೂ ಚಿತ್ರಕ್ಕೆ ಒಳ್ಳೇದು.

ಒಗೆಯುವಾಗ ಒಳಮೈ ಹೊರಗೆ ಮಾಡಿ, ಮೆದು ಸೋಪು ಹಾಕಿ, ನೆರಳಲ್ಲಿ ಒಣಗಿಸಿ. ಇಸ್ತ್ರಿ ಹಿಂಬದಿಯಿಂದ.

ಚಿತ್ತಾರ ಚೆನ್ನಾಗಿದೆ ಅಂತ ಅದನ್ನೇ ನಕಲು ಮಾಡಿ ಅಚ್ಚು ಕೊರೆಯಬೇಡಿ, ದಯವಿಟ್ಟು. ಅವು ಹಿರಿಯರಿಂದ ಅವರ ಕುಟುಂಬಕ್ಕೆ ಬಂದ ಕಥೆಗಳು. ಕಲಿತ ಕೈಚಳಕದಿಂದ ನಿಮ್ಮೂರ ಕೆರೆ, ನಿಮ್ಮಂಗಳದ ರಂಗೋಲಿ ಕೊರೆಯಿರಿ.

ಇನ್ನು ಅಂಚು. ಕೆಲವು ಬಟ್ಟೆಗಳ ಅಂಚಿನಲ್ಲಿ ಬರೆದವರ ಹೆಸರು ಅಚ್ಚಾಗಿರುತ್ತದೆ. ಆ ಪಟ್ಟಿಯನ್ನು ಬೆರಳಗಲ ಕತ್ತರಿಸಿಕೊಳ್ಳಿ. ಅಂಗಡಿ ಲೇಬಲ್ ಇರೋ ಜಾಗದಲ್ಲಿ, ಕತ್ತಿನ ಒಳಗೆ, ಎರಡೂ ತುದಿ ಮಡಚಿ ಕೈಹೊಲಿಗೆ ಹಾಕಿ. ಹೆಸರು ಅಚ್ಚಾಗಿಲ್ಲದಿದ್ದರೆ ಮೇಜಿನ ಹತ್ತಿರವೇ ಕೇಳಿ ಬರೆದುಕೊಂಡು ಬನ್ನಿ, ದಾರದಲ್ಲಿ ಕಸೂತಿ ಮಾಡಿ.