ಕಾವಲು ಬಿಡಲು ಕಲಿತದ್ದು

ನಮ್ಮ ಯಜಮಾನರಿಗೆ ಕಿಡ್ನಿ ಕೆಟ್ಟು ನಾಲ್ಕು ವರ್ಷ ಡಯಾಲಿಸಿಸ್ ನಡೆಯಿತು. ವಾರಕ್ಕೆ 3 ಸಲ, ಸಲಕ್ಕೆ 4 ಗಂಟೆ. ಕುಡಿಯುವ ನೀರೂ ಅಳತೆಯ ಲೋಟದಲ್ಲಿ. ಪೊಟ್ಯಾಸಿಯಂ ಏರಿದರೆ ಹೃದಯದ ಬಡಿತವೇ ತಪ್ಪಬಹುದು, ಹಾಗಾಗಿ ಎಳನೀರು, ಬಾಳೆಹಣ್ಣು ಮನೆಯೊಳಗೆ ಬರುತ್ತಿರಲಿಲ್ಲ. ದಾನವಾಗಿ ಬಂದ ಅಂಗಾಂಗ ಹಂಚುವ ನಮ್ಮ ರಾಜ್ಯದ ಸಂಸ್ಥೆ ಜೀವಸಾರ್ಥಕತೆಯ ಪಟ್ಟಿಯಲ್ಲಿ ಅವರ ಹೆಸರಿತ್ತು, ಕರೆ ಯಾವ ಹೊತ್ತಿನಲ್ಲಾದರೂ ಬರಬಹುದೆಂದು ಬಚ್ಚಲಿಗೂ ಫೋನ್ ಒಯ್ಯುತ್ತಿದ್ದೆ. ರಾತ್ರಿ ಮೂರಕ್ಕೆ ಎದ್ದು ಅವರ ಎಡಗೈಯ ಫಿಸ್ಟುಲಾ, ಅಂದರೆ ಡಯಾಲಿಸಿಸ್‌ಗೆಂದು ರಕ್ತನಾಳ ಜೋಡಿಸಿದ ಜಾಗದ ಮೇಲೆ ಬೆರಳಿಡುತ್ತಿದ್ದೆ. ರಕ್ತ ರಭಸದಿಂದ ಹರಿಯುವಾಗ ಅಲ್ಲಿ ದುಂಬಿ ಗುಂಯ್‌ಗುಟ್ಟಿದಂಥ ಕಂಪನ ತಾಗುತ್ತದೆ. ಅದು ತಾಗಿದರೆ ಆ ರಾತ್ರಿ ಕಳೆದಂತೆ.

ಕೊನೆಗೂ ಕಿಡ್ನಿ ಸಿಕ್ಕಿತು, ಕಸಿ ಕೂಡಿಕೊಂಡಿತು. ಆರು ತಿಂಗಳಲ್ಲಿ ಆಸ್ಪತ್ರೆಯ ಓಡಾಟ ಕಡಿಮೆಯಾಗಿ ಮನೆ ತಣ್ಣಗಾಯಿತು. ನನಗೆ ಎದೆ ಡವಡವ ಶುರುವಾದದ್ದು ಆಗಲೇ. ‘ಎಲ್ಲ ಸರಿಹೋಯ್ತಲ್ಲ, ಇನ್ನೇನು ಚಿಂತೆ?’ ಎಂದು ನಾದಿನಿ ಅಂದಾಗ ಉತ್ತರ ಹೊಳೆಯಲಿಲ್ಲ. ಧ್ಯಾನಕ್ಕೆ ಕೂತರೆ ಐದು ಉಸಿರಿಗೇ ಏನೋ ಮರೆತಿದ್ದೇನೆ ಅನ್ನಿಸಿ ಎದ್ದು ಮಾತ್ರೆ ಡಬ್ಬಿ ನೋಡುತ್ತಿದ್ದೆ.

ಒಂದು ದಿನ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿದೆ. ಕನ್ನಡದಲ್ಲೇ ಮಾತಾಡಿದ ಆ ಹೆಣ್ಣುಮಗಳು, ‘ನೀವು ಸುಮ್ಮನೆ ಕೂತರೆ ಏನಾಗುತ್ತೆ ಅಂತ ಭಯ?’ ಎಂದು ಕೇಳಿದರು. ‘ನಾನು ಕಾವಲು ಬಿಟ್ಟರೆ ಅವರಿಗೆ ಏನಾದರೂ ಆಗುತ್ತೆ’ ಎಂಬ ಮಾತು ನನ್ನ ಬಾಯಿಂದ ತಾನಾಗಿ ಬಂತು. ಅಳುವೂ ಬಂತು. ವರ್ಷಗಟ್ಟಲೆ ಎಚ್ಚರದಲ್ಲೇ ಇದ್ದ ಮೈಗೆ ನೆಮ್ಮದಿಯೇ ಅಪಾಯದಂತೆ ಕಾಣುತ್ತದೆ, ಹಾಗಾಗುವುದು ಹುಚ್ಚಲ್ಲ ಎಂದು ಅವರು ಹೇಳಿದ್ದು ನನಗೆ ಔಷಧಿಯಾಯಿತು.

ಮೊದಲು ಕಾವಲಿಗೆ ಹೊತ್ತು ಗೊತ್ತುಮಾಡಿದೆ. ಕಸಿಯಾದ ಕಿಡ್ನಿಯನ್ನು ಮೈ ತಿರಸ್ಕರಿಸದಂತೆ ಕೊಡುವ ಟ್ಯಾಕ್ರೊಲಿಮಸ್ ಮಾತ್ರೆ ಬೆಳಿಗ್ಗೆ 9ಕ್ಕೆ, ರಾತ್ರಿ 9ಕ್ಕೆ. ಜ್ವರ, ಬಿಪಿ, ತೂಕ ಎಲ್ಲ ಆಗಲೇ ನೋಡಿ ಬರೆದಿಡುವುದು. ನಡುವೆ ಭಯ ಬಂದರೆ ‘ಒಂಬತ್ತಕ್ಕೆ ನೋಡೋಣ’ ಎಂದು ಮನಸ್ಸಿಗೆ ಹೇಳುತ್ತಿದ್ದೆ.

ಕಣ್ಣು ಮುಚ್ಚಿ ಕೂರುವುದನ್ನು ಬಿಟ್ಟೆ. ಅದು ಡಿಸೆಂಬರ್, ಅವರೆಕಾಯಿ ಕಾಲ. ಕಾಳು ನೆನೆಹಾಕಿ ಹಿದುಕಲು ಕೂತೆ. ಬೆರಳು ಒತ್ತಿದರೆ ಬೇಳೆ ಪುಳಕ್ಕನೆ ಹಾರುತ್ತದೆ, ಸಿಪ್ಪೆ ಕೈಯಲ್ಲಿ ಉಳಿಯುತ್ತದೆ. ಕೈ ತಣ್ಣಗೆ, ಸೊಗಡು ಮೂಗಿಗೆ. ಮೊದಲ ದಿನ ಹತ್ತು ನಿಮಿಷಕ್ಕೇ ಎದ್ದೆ. ವಾರ ಕಳೆಯುವಷ್ಟರಲ್ಲಿ ಪಾತ್ರೆ ತುಂಬುವವರೆಗೂ ಕೂತಿರುತ್ತಿದ್ದೆ. ನೆಮ್ಮದಿ ಒಗ್ಗದವರು ಕೈಗೆ ಕೆಲಸ ಕೊಟ್ಟೇ ಶುರುಮಾಡಬೇಕು ಅನ್ನುವುದು ನನ್ನ ಖಚಿತ ಅಭಿಪ್ರಾಯ. ಮಲಗುವಾಗ ಮಾತ್ರ ಮುಷ್ಟಿ, ಹೆಗಲು, ದವಡೆಗಳನ್ನು ಒಂದೊಂದಾಗಿ ಬಿಗಿಹಿಡಿದು ಸಡಿಲಬಿಡುತ್ತೇನೆ. ಎಡ್ಮಂಡ್ ಜೇಕಬ್ಸನ್ ಎಂಬ ಅಮೆರಿಕದ ವೈದ್ಯರು ರೂಪಿಸಿದ ಕ್ರಮವದು.

ಈಗಲೂ ಕೆಲವು ರಾತ್ರಿ ಮೂರಕ್ಕೆ ಎಚ್ಚರವಾಗುತ್ತದೆ. ಮೊನ್ನೆ ಬೆಳಿಗ್ಗೆ ಕಾಫಿ ಕೊಡುವಾಗ ಅವರೇ ಕೇಳಿದರು: ‘ಏನೇ, ನಾಲ್ಕು ದಿನದಿಂದ ಕೈ ಮುಟ್ಟಿ ನೋಡೇ ಇಲ್ಲವಲ್ಲ?’

ಅವರಿಗೆ ಅಷ್ಟು ವರ್ಷವೂ ಎಚ್ಚರವಾಗುತ್ತಿತ್ತು ಎಂದು ನನಗೆ ಗೊತ್ತೇ ಇರಲಿಲ್ಲ.