ಅಬೆರ್ಡಾರನ್: ಕಾಯುವವರ ಊರನ್ನು ನೋಡುವ ಕ್ರಮ

ವೇಲ್ಸ್‌ನ ವಾಯವ್ಯ ಮೂಲೆಯಲ್ಲಿ ಕಡಲಿಗೆ ತೋಳು ಚಾಚಿದಂತಿರುವ ಲೀನ್ ಪರ್ಯಾಯ ದ್ವೀಪದ ತುದಿಯಲ್ಲಿ ಅಬೆರ್ಡಾರನ್ ಎಂಬ ಪುಟ್ಟ ಹಳ್ಳಿಯಿದೆ. ಇಲ್ಲಿಗೆ ಬರುವವರಲ್ಲಿ ಹೆಚ್ಚಿನವರು ಮರಳಿನ ಮೇಲೆ ಒಂದು ಗಂಟೆ ಅಡ್ಡಾಡಿ, ಚರ್ಚಿನೊಳಗೆ ಇಣುಕಿ, ಚಹಾ ಕುಡಿದು ಹೊರಟುಬಿಡುತ್ತಾರೆ. ಹಾಗೆ ನೋಡಿದರೆ ಇದು ಇತರ ಹತ್ತು ಕಡಲೂರುಗಳಂತೆಯೇ ಕಾಣುತ್ತದೆ. ಊರಿನ ಇತಿಹಾಸ ಅರ್ಥವಾಗಬೇಕಾದರೆ ಒಂದು ಸಂಗತಿಯನ್ನು ಮೊದಲೇ ತಿಳಿದಿರಬೇಕು: ನೂರಾರು ವರ್ಷಗಳ ಕಾಲ ಜನ ಇಲ್ಲಿಗೆ ಬಂದದ್ದು ಈ ಊರಿಗಾಗಿ ಅಲ್ಲ, ಭೂಶಿರದಿಂದ ಸುಮಾರು ಮೂರು ಕಿ.ಮೀ. ಆಚೆ ಸಮುದ್ರದಲ್ಲಿರುವ ಎನ್ಲಿ ದ್ವೀಪಕ್ಕೆ ಯಾತ್ರೆಗಾಗಿ ದಾಟಲು. ದೋಣಿ ಹೊರಡುವಂತೆ ಗಾಳಿ ಇಳಿಯುವವರೆಗೆ ಅವರು ಇಲ್ಲಿ ತಂಗಬೇಕಾಗುತ್ತಿತ್ತು. ಇಲ್ಲಿನ ಮುಖ್ಯ ಕುರುಹುಗಳೆಲ್ಲ ಆ ಕಾಯುವಿಕೆಯಿಂದಲೇ ಹುಟ್ಟಿದವು.

ಹೊರಡುವ ಮುನ್ನ ಹೆಸರುಗಳನ್ನು ಸ್ವಲ್ಪ ಕಲಿತುಕೊಳ್ಳುವುದು ಒಳ್ಳೆಯದು, ಏಕೆಂದರೆ ಇಲ್ಲಿನ ಜನರ ದಿನಬಳಕೆಯ ಮಾತು ವೆಲ್ಷ್, ಹೆಸರುಗಳಲ್ಲೇ ಅರ್ಧ ಚರಿತ್ರೆ ಅಡಗಿದೆ. 'ಅಬೆರ್' ಎಂದರೆ ನದೀಮುಖ. ಡಾರನ್ ಎಂಬ ಹೊಳೆ ಕಡಲನ್ನು ಸೇರುವ ಜಾಗ ಅಬೆರ್ಡಾರನ್. 'ಪೋರ್ತ್' ಎಂದರೆ ದೋಣಿ ತಂಗುವ ಸಣ್ಣ ಕೊಲ್ಲಿ, 'ಅನಿಸ್' ಎಂದರೆ ದ್ವೀಪ. 'ಎನ್ಲಿ'ಯ ಲಕಾರ ಮಾತ್ರ ನಮ್ಮ ಲಕಾರವಲ್ಲ: ನಾಲಗೆಯನ್ನು ಲಕಾರದ ಸ್ಥಾನದಲ್ಲಿಟ್ಟು, ದನಿಗೂಡಿಸದೆ, ಪಕ್ಕಗಳಿಂದ ಉಸಿರನ್ನು ಬಿಡಬೇಕು. ವ್ಯಾಕರಣದ ಮಟ್ಟಿಗೆ ಕನ್ನಡಿಗರಿಗೆ ಇಲ್ಲಿ ಒಂದು ಅನಿರೀಕ್ಷಿತ ಅನುಕೂಲವಿದೆ. ವೆಲ್ಷ್‌ನಲ್ಲಿ ಕೆಲವು ಸಂದರ್ಭಗಳಲ್ಲಿ ಪದದ ಮೊದಲಕ್ಷರ ಬದಲಾಗುತ್ತದೆ. ಕ, ತ, ಪಗಳು ಗ, ದ, ಬಗಳಾಗುತ್ತವೆ, ಮಕಾರ ವಕಾರವಾಗುತ್ತದೆ. ಮಳೆಗಾಲ, ಮೆಲ್ವಾತು ಎಂದು ಆದೇಶಸಂಧಿಯನ್ನು ಬಾಯಿಪಾಠ ಮಾಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಡುಗೆಮನೆಗೆ 'ಕೆಗಿನ್', ದೊಡ್ಡದಕ್ಕೆ 'ಮೌರ್'. ಆದರೆ ಊರ ನಡುವಿನ ಹಳೆಯ ಕಟ್ಟಡದ ಹೆಸರು 'ಅ ಗೆಗಿನ್ ವೌರ್', ಅಂದರೆ ದೊಡ್ಡ ಅಡುಗೆಮನೆ.

ರೈಲು ಪುಲ್ಹೆಲಿಯಲ್ಲಿ ಮುಗಿಯುತ್ತದೆ. ಅಲ್ಲಿಂದ ಸುಮಾರು 25 ಕಿ.ಮೀ. ದೂರವನ್ನು ಬಸ್ಸಿನಲ್ಲೋ ಕಾರಿನಲ್ಲೋ ಕ್ರಮಿಸಬೇಕು. ಬಸ್ಸುಗಳು ವಿರಳವಾದ್ದರಿಂದ ಹಿಂದಿರುಗುವ ಕೊನೆಯ ಬಸ್ಸಿನ ಸಮಯವನ್ನೂ, ಅದರೊಡನೆ ಆ ದಿನದ ಉಬ್ಬರವಿಳಿತದ ಪಟ್ಟಿಯನ್ನೂ ಮೊದಲೇ ಬರೆದಿಟ್ಟುಕೊಳ್ಳಬೇಕು. ಎರಡನೆಯದು ಏಕೆ ಬೇಕೆಂಬುದು ದಿನದ ಕೊನೆಗೆ ತಿಳಿಯುತ್ತದೆ.

ನೋಡುವುದನ್ನು ಸಂತ ಹವಿನ್‌ನ ಚರ್ಚಿನಿಂದಲೇ ಆರಂಭಿಸಬೇಕು. ಸಮಯ ಕಡಿಮೆಯಿದ್ದರೆ ಉಳಿದುದನ್ನು ಬಿಟ್ಟರೂ ಇದನ್ನು ಬಿಡಬಾರದು. ಚರ್ಚು ಮರಳದಂಡೆಯ ನೆತ್ತಿಯಲ್ಲೇ ಇದೆ, ಸ್ಮಶಾನವನ್ನು ಅಲೆಗಳಿಂದ ಕಾಯುವುದು ಒಂದು ತಡೆಗೋಡೆ. ಕಟ್ಟಡದ ಹಳೆಯ ಭಾಗ 12ನೇ ಶತಮಾನದ್ದು. ನಂತರ ಅದರ ಪಕ್ಕಕ್ಕೇ ಅಷ್ಟೇ ದೊಡ್ಡ ಇನ್ನೊಂದು ಅಂಕಣವನ್ನು ಸೇರಿಸಲಾಯಿತು. ಇಷ್ಟು ಸಣ್ಣ ಊರಿಗೆ ಜೋಡಿ ಅಂಕಣದ ಚರ್ಚು ಏಕೆ ಬೇಕಾಯಿತು ಎಂದು ಒಳಗೆ ನಿಂತು ಒಮ್ಮೆ ಕೇಳಿಕೊಂಡರೆ, ಯಾತ್ರಿಕರ ದಟ್ಟಣೆ ಎಷ್ಟಿದ್ದಿರಬಹುದೆಂಬ ಅಂದಾಜು ಸಿಗುತ್ತದೆ. ಎನ್ಲಿಗೆ ಮೂರು ಬಾರಿ ಹೋಗಿ ಬಂದರೆ ರೋಮ್‌ಗೆ ಒಮ್ಮೆ ಹೋದಷ್ಟು ಪುಣ್ಯ ಎಂಬ ಮಾತು ಮಧ್ಯಯುಗದಲ್ಲಿ ಪ್ರಚಲಿತವಾಗಿತ್ತು, ಅಲ್ಲಿ 20,000 ಸಂತರು ಮಣ್ಣಾಗಿದ್ದಾರೆಂಬ ನಂಬಿಕೆ ಈಗಲೂ ಉಳಿದಿದೆ. ಕಾಯಲು ಸಮಯವಿಲ್ಲದೆ ಬಂದವನೊಬ್ಬನೂ ಇದ್ದಾನೆ: 1094ರಲ್ಲಿ ನಾರ್ಮನ್ನರಿಂದ ತಪ್ಪಿಸಿಕೊಳ್ಳುತ್ತಿದ್ದ ಗ್ವಿನೆದ್‌ನ ಅರಸ ಗ್ರಿಫಿದ್ ಅಪ್ ಕನಾನ್ ಇಲ್ಲಿ ಆಶ್ರಯ ಪಡೆದು, ಧರ್ಮಮಂದಿರದವರ ದೋಣಿಯಲ್ಲೇ ಐರ್ಲೆಂಡಿಗೆ ಪಾರಾದ.

ಚರ್ಚಿನೊಳಗೆ ಆತುರಪಡದೆ ನೋಡಬೇಕಾದವು ಎರಡು ಒರಟು ಕಲ್ಲುಗಳು. ಕಟ್ಟಡಕ್ಕಿಂತ ಅವು ಆರು ಶತಮಾನಗಳಷ್ಟು ಹಳೆಯವು. 5ನೇ ಶತಮಾನದ ಕೊನೆ ಅಥವಾ 6ನೇ ಶತಮಾನದ ಆರಂಭದ ಈ ಸಮಾಧಿಗಲ್ಲುಗಳು ಹತ್ತಿರದ ಅನೆಲೋಗ್ ಬೆಟ್ಟದ ಬಳಿ ದೊರೆತವು. ಒಂದರ ಮೇಲೆ ವೆರಾಸಿಯಸ್ ಎಂಬ ಪಾದ್ರಿಯ ಹೆಸರಿದೆ. ಇನ್ನೊಂದರ ಲ್ಯಾಟಿನ್ ಬರಹ ಸೆನಾಕಸ್ ಎಂಬ ಪಾದ್ರಿ 'ಸಹೋದರರ ಸಮೂಹದೊಡನೆ' ಇಲ್ಲಿ ಮಲಗಿದ್ದಾನೆ ಎನ್ನುತ್ತದೆ. ಬೆಳಕು ಓರೆಯಾಗಿ ಬೀಳುವ ಕಡೆಗೆ ನಿಂತು ನೋಡಿದರೆ ಅಕ್ಷರಗಳು ಸ್ಪಷ್ಟವಾಗುತ್ತವೆ, ಬೆರಳಾಡಿಸುವುದು ಬೇಡ. 'ಒಡನೆ' ಎಂಬರ್ಥದ ಪದದ ಮುಂದೆ ಕಲ್ಲುಕುಟಿಗ ಹಾಕಿರುವ ವಿಭಕ್ತಿ ತಪ್ಪು ಎಂಬುದನ್ನು ಲ್ಯಾಟಿನ್ ಬಲ್ಲವರು ಗುರುತಿಸುತ್ತಾರೆ. ನನಗಂತೂ ಆ ತಪ್ಪೇ ಇಷ್ಟ. ರೋಮನ್ ಆಡಳಿತ ಕಳಚಿಹೋದ ಮೇಲೂ ಈ ದೂರದ ತುದಿಯಲ್ಲಿ ಯಾರೋ ತಡವರಿಸುತ್ತಲೇ ಆ ಭಾಷೆಯನ್ನು ಹಿಡಿದಿಟ್ಟುಕೊಂಡಿದ್ದರೆಂಬುದಕ್ಕೆ ಅದು ಸಾಕ್ಷಿ.

ಈ ಚರ್ಚು ಉಳಿದದ್ದೂ ಒಂದು ಕಥೆಯೇ. ಕಡಲು ಇದನ್ನು ನುಂಗುತ್ತದೆಂಬ ಭಯದಿಂದ 1841ರಲ್ಲಿ ಗುಡ್ಡದ ಮೇಲೆ ಹೊಸ ಚರ್ಚು ಕಟ್ಟಲಾಯಿತು. ಊರವರಿಗೆ ಅದು ಹಿಡಿಸಲಿಲ್ಲ. 1906ರಲ್ಲಿ ಹಳೆಯದನ್ನು ದುರಸ್ತಿ ಮಾಡಿ ಅಲ್ಲಿಗೇ ಮರಳಿದರು. ಕವಿ ಆರ್. ಎಸ್. ಥಾಮಸ್ 1967ರಿಂದ 1978ರವರೆಗೆ ಪಾದ್ರಿಯಾಗಿದ್ದದ್ದು ಇಲ್ಲಿಯೇ.

ಅಲ್ಲಿಂದ ಸಣ್ಣ ಸೇತುವೆಯ ಕಡೆಗೆ ನಡೆದರೆ ಗೆಗಿನ್ ವೌರ್ ಸಿಗುತ್ತದೆ. ಯಾತ್ರಿಕರಿಗೆ ಊಟ ಹಾಕುತ್ತಿದ್ದ ಮನೆಯಿದು ಎಂಬುದು ಊರಿನ ನಂಬಿಕೆ. ಈಗ ಕೆಫೆಯಾಗಿರುವುದರಿಂದ ಅದರ ವೃತ್ತಿಯೇನೂ ಬದಲಾಗಿಲ್ಲ. ಪಕ್ಕದ ಅಂಚೆ ಕಚೇರಿಯ ವಿನ್ಯಾಸ, ಪೋರ್ಟ್‌ಮೇರಿಯನ್ ಗ್ರಾಮವನ್ನು ಕಟ್ಟಿದ ಕ್ಲಫ್ ವಿಲಿಯಮ್ಸ್-ಎಲಿಸ್ ಅವರದು. ಸಮೀಪದಲ್ಲೇ ನ್ಯಾಷನಲ್ ಟ್ರಸ್ಟ್ 2014ರಲ್ಲಿ ತೆರೆದ 'ಪೋರ್ತ್ ಅ ಸುಂಟ್' ಮಾಹಿತಿ ಕೇಂದ್ರವಿದೆ, ಅರ್ಧ ಗಂಟೆ ಸಾಕು.

ಮಧ್ಯಾಹ್ನದ ನಂತರ ಕರಾವಳಿ ಕಾಲುದಾರಿಯಲ್ಲಿ ನೈಋತ್ಯಕ್ಕೆ ಎರಡು ಕಿ.ಮೀ.ಗೂ ಕಡಿಮೆ ನಡೆದರೆ ಪೋರ್ತ್ ಮೈದ್ವಿ, ಅಂದರೆ ಸನ್ಯಾಸಿಯ ಕೊಲ್ಲಿ. ಎನ್ಲಿಗೆ ದೋಣಿ ಹೊರಡುವುದು ಇಲ್ಲಿಂದ. ಏಡಿ, ಲಾಬ್‌ಸ್ಟರ್ ಹಿಡಿಯುವವರ ದೋಣಿಗಳನ್ನು ಟ್ರ್ಯಾಕ್ಟರ್‌ಗಳು ನೀರಿಗೆ ಇಳಿಸಿ ಮತ್ತೆ ದಡಕ್ಕೆ ಎಳೆದುಕೊಳ್ಳುವುದನ್ನು ನಿಂತು ನೋಡಬಹುದು. ದೋಣಿಯ ಟಿಕೆಟ್ ಮುಂಗಡವಾಗಿ ಕಾದಿರಿಸಿದ್ದರೂ ಹೊರಡುವ ದಿನ ಬೆಳಗ್ಗೆ ಮತ್ತೆ ವಿಚಾರಿಸಬೇಕು, ಏಕೆಂದರೆ ದ್ವೀಪಕ್ಕೂ ನೆಲಕ್ಕೂ ನಡುವಿನ ಜಲಸಂಧಿಯ ಸೆಳೆತ ಬಲವಾದದ್ದು, ಗಾಳಿ ತಿರುಗಿದರೆ ಇಂದಿಗೂ ಯಾರೂ ದೋಣಿ ಇಳಿಸುವುದಿಲ್ಲ.

ದೋಣಿ ಹೋಗದ ದಿನ ಬೇಸರಪಡದೆ ಮನಿದ್ ಮೌರ್ ಬೆಟ್ಟವನ್ನು ಹತ್ತಬೇಕು. ಎತ್ತರ ಸುಮಾರು 160 ಮೀಟರ್ ಅಷ್ಟೇ; ಆದರೆ ಎನ್ಲಿ ಚೆನ್ನಾಗಿ ಕಣ್ಣಿಗೆ ಬೀಳುವುದು ಇಲ್ಲಿಂದ, 1821ರ ಚೌಕಾಕಾರದ ದೀಪಸ್ತಂಭ ಸಹಿತ. ಬೆಟ್ಟದ ಬುಡದ ಬಂಡೆಗಳ ಸೀಳಿನಲ್ಲಿ 'ಫನನ್ ವೈರ್', ಮೇರಿಯ ಬಾವಿ, ಇದೆ. ಉಬ್ಬರದಲ್ಲಿ ಕಡಲು ಇದನ್ನು ಮುಚ್ಚುತ್ತದೆ. ನೀರು ಇಳಿದ ಮೇಲೆ ಅದೇ ಗುಂಡಿಯಲ್ಲಿ ಸಿಹಿನೀರು ಇರುತ್ತದೆ. ದಾಟುವ ಮುನ್ನ ಯಾತ್ರಿಕರು ಕೊನೆಯದಾಗಿ ಕುಡಿಯುತ್ತಿದ್ದ ನೀರು ಇದೇ ಎನ್ನುತ್ತಾರೆ. ಬೆಳಗ್ಗೆ ಬರೆದಿಟ್ಟ ಉಬ್ಬರವಿಳಿತದ ಪಟ್ಟಿ ಬೇಕಾಗುವುದು ಈಗ: ನೀರು ಪೂರ್ತಿ ಇಳಿದಿರುವ ಹೊತ್ತಿನಲ್ಲಿ, ಬಂಡೆ ಒಣಗಿದ್ದರೆ, ಹಿಡಿತವಿರುವ ಬೂಟು ಹಾಕಿಕೊಂಡು ಜೊತೆಗೊಬ್ಬರೊಡನೆ ಮಾತ್ರ ಇಳಿಯಬೇಕು. ಅಲೆ ಬಂಡೆಯ ಸೀಳಿಗೆ ನುಗ್ಗುತ್ತಿದ್ದರೆ ಮೇಲಿನ ಹುಲ್ಲಿನ ಅಂಚಿನಲ್ಲೇ ಕುಳಿತು ನೀರು ಇಳಿಯುವವರೆಗೆ ಕಾಯಬೇಕು.