ಹಿಮದ ಬೆಟ್ಟಕ್ಕೆ ಹೊರಟಿರಾ? ಮೊದಲು ಚಾಮುಂಡಿ ಇಳಿಯಿರಿ

ಡಿಸೆಂಬರ್ ರಜೆಗೆ ಉತ್ತರಾಖಂಡದ ಕೇದಾರಕಾಂತ ಹತ್ತಲು ಹೊರಡುವ ನಮ್ಮ ಮೈಸೂರಿನವರ ತಯಾರಿ ಹೀಗಿರುತ್ತದೆ: ಬೆಳ್ಳಂಬೆಳಿಗ್ಗೆ ಚಾಮುಂಡಿ ಬೆಟ್ಟದ ಪಾದದಲ್ಲಿ ಹಾಜರು, ಸಾವಿರ ಮೆಟ್ಟಿಲು ಏದುಸಿರಿನಲ್ಲಿ ಹತ್ತುವುದು, ಅಮ್ಮನವರ ದರ್ಶನ, ಒಂದು ಕಾಫಿ, ಆಮೇಲೆ ಸಿಟಿ ಬಸ್ಸಿನಲ್ಲಿ ಮನೆಗೆ. ಎಡವಟ್ಟು ಆಗುವುದು ಆ ಬಸ್ಸಿನಲ್ಲೇ. 3,810 ಮೀಟರ್ ಎತ್ತರದ ಆ ತುದಿಯನ್ನು ಹೇಗೋ ಹತ್ತಿದವರು ಇಳಿಯುವಾಗ ಮಂಡಿ ಹಿಡಿದು ಕೂತದ್ದನ್ನು ಕಂಡಿದ್ದೇನೆ.

ಹಾಗಾಗಿ ಎರಡು ತಿಂಗಳು ಮುಂಚೆಯೇ ಶುರುಮಾಡಿ. ಬೆನ್ನಿಗೆ ಆರು ಲೀಟರ್ ನೀರು ಹೊತ್ತು ಹತ್ತಿ, ಮೆಟ್ಟಿಲಲ್ಲೇ ಇಳಿಯಿರಿ. ನಂದಿಯಿಂದ ಕೆಳಗಿನ ಮೆಟ್ಟಿಲುಗಳು ಮಂಡಿಗೆ ಒಳ್ಳೆ ಪಾಠ. ಹಿಮಕ್ಕೆ ಹಾಕುವ ಶೂ ಇಲ್ಲೇ ಹಾಕಿ ಪಳಗಿಸಿ.

ಬಟ್ಟೆಯ ಮಾತು ಒಂದೇ: ಹತ್ತಿ ಬೇಡ. ಬೆವರು ಕುಡಿದ ಬನಿಯನ್ ಒಣಗುವುದಿಲ್ಲ, ನಿಂತ ತಕ್ಷಣ ಮೈ ಕೊರೆಯುತ್ತದೆ. ಜೀನ್ಸ್ ಅಂತೂ ಮನೆಯಲ್ಲೇ ಇರಲಿ. ಕಪ್ಪು ಕನ್ನಡಕ ಮರೆಯಬೇಡಿ, ಹಿಮದ ಬಿಳುಪು ಕಣ್ಣು ಸುಡುತ್ತದೆ.

ಹಿಮದಲ್ಲಿ ಜಾರದಂತೆ ಶೂ ಕೆಳಗೆ ಕಟ್ಟುವ ಮೊಳೆಗಳ ಜೋಡಿ, ಅಂದರೆ ಮೈಕ್ರೋಸ್ಪೈಕ್, ಚಾರಣ ಶುರುವಾಗುವ ಸಾಂಕ್ರಿ ಹಳ್ಳಿಯಲ್ಲಿ ಬಾಡಿಗೆಗೆ ಸಿಗುತ್ತದೆ. ಸರಪಳಿ ಇರುವುದನ್ನೇ ಕೇಳಿ. ರಬ್ಬರಿಗೆ ನಾಲ್ಕು ಪಿನ್ನು ಚುಚ್ಚಿದ ಅಗ್ಗದ ಜೋಡಿ ನನಗೆ ಅರ್ಧ ದಾರಿಯಲ್ಲೇ ಕೈಕೊಟ್ಟಿತ್ತು. ಕಾಲು ಹೂತುಹೋಗದಂತೆ ಶೂ ಕೆಳಗೆ ಕಟ್ಟುವ ಅಗಲದ ಸ್ನೋಶೂ ಬೇಕಾಗುವುದು ಮೊಣಕಾಲುದ್ದ ಹೊಸ ಹಿಮ ಬಿದ್ದಾಗ. ಜನ ತುಳಿದು ಗಟ್ಟಿಯಾದ ದಾರಿಗೆ ಅದು ಬರೀ ಭಾರ.

ತುದಿಗೆ ಹೊರಡುವುದು ನಸುಕಿನ ಮೂರಕ್ಕೋ ನಾಲ್ಕಕ್ಕೋ, ಹಿಮ ಇನ್ನೂ ಗಟ್ಟಿ ಇರುವಾಗ. ಹೊರಡುವಾಗ ಸ್ವಲ್ಪ ಚಳಿ ಅನ್ನಿಸಲಿ, ಹತ್ತು ನಿಮಿಷಕ್ಕೆ ಸರಿಹೋಗುತ್ತದೆ. ಬೆಟ್ಟದ ಬೆನ್ನಿನ ಮೇಲೆ ನಡೆಯುವಾಗ ಅಂಚಿಗೆ ಹೋಗಬೇಡಿ. ಗಾಳಿ ಕಟ್ಟಿದ ಹಿಮದ ಚಾಚು ನೆಲದಂತೆಯೇ ಕಾಣುತ್ತದೆ, ಅಡಿಯಲ್ಲಿ ಏನೂ ಇರುವುದಿಲ್ಲ.

ಇನ್ನು ಇಳಿಯುವುದು. ಫೋಟೋ ಮುಗಿದ ಮೇಲೆ ಐದು ನಿಮಿಷ ಕೂತು ಲೇಸ್ ಬಿಚ್ಚಿ. ಹಿಮ್ಮಡಿಯನ್ನು ಶೂ ಹಿಂಭಾಗಕ್ಕೆ ಕುಟ್ಟಿ ಕೂರಿಸಿ, ಬೆರಳ ಹತ್ತಿರ ಸಡಿಲ ಬಿಟ್ಟು, ಕಣಕಾಲಿನ ಬಳಿ ಬಿಗಿಯಾಗಿ ಕಟ್ಟಿ. ಇದನ್ನು ಮಾಡದ ನನ್ನ ಭಾವಮೈದುನನ ಎರಡು ಹೆಬ್ಬೆರಳ ಉಗುರೂ ನೇರಳೆಹಣ್ಣಿನ ಬಣ್ಣಕ್ಕೆ ತಿರುಗಿದವು. ಕೈಗೋಲಿನ ಉದ್ದವನ್ನು ನಾಲ್ಕು ಬೆರಳಷ್ಟು ಹೆಚ್ಚಿಸಿಕೊಳ್ಳಿ. ಮೆತ್ತನೆ ಹಿಮದಲ್ಲಿ ಮುಖ ಕಣಿವೆ ಕಡೆಗಿಟ್ಟು, ಮಂಡಿ ಸ್ವಲ್ಪ ಬಗ್ಗಿಸಿ, ಹಿಮ್ಮಡಿಯನ್ನು ಧೈರ್ಯವಾಗಿ ಊರಿ. ಹೆದರಿ ಹಿಂದಕ್ಕೆ ವಾಲಿದಿರೋ, ಜಾರಿದಿರಿ. ಗಟ್ಟಿ ಹಿಮದಲ್ಲಿ ಲೆಕ್ಕ ಬೇರೆ: ಪಾದ ಚಪ್ಪಟೆಯಾಗಿ ಬೀಳಬೇಕು, ಎಲ್ಲ ಮೊಳೆಗಳೂ ಕಚ್ಚಬೇಕು. ಮೊಳೆಗಳ ನಡುವೆ ಹಿಮ ಉಂಡೆ ಕಟ್ಟಿದರೆ ಕೋಲಿನಿಂದ ತಟ್ಟಿ ಉದುರಿಸಿ.

ಹುಡುಗರು ಕೂತು ಜಾರಿಕೊಂಡು ಇಳಿಯುತ್ತಾರೆ, ನಿಮಗೂ ಆಸೆಯಾಗುತ್ತದೆ. ಗೈಡ್ ಹೂಂ ಅಂದ ಕಡೆ ಮಾತ್ರ ಕೂರಿ. ಕೂರುವ ಮೊದಲು ಮೈಕ್ರೋಸ್ಪೈಕ್ ಬಿಚ್ಚಿ ಬ್ಯಾಗಿಗೆ ಹಾಕಿ: ಜಾರುವಾಗ ಒಂದು ಮೊಳೆ ಹಿಮಕ್ಕೆ ಸಿಕ್ಕಿಕೊಂಡರೆ ಮೈ ಮುಂದೆ ಹೋಗುತ್ತದೆ, ಕಾಲು ಅಲ್ಲೇ ಉಳಿಯುತ್ತದೆ.